ಹಿಟ್ಟಿನ ಕೋಳಿಯೂ ನೀತಿಯ ತಕ್ಕಡಿಯೂ

ಯಶೋಧರ ಮಹಾರಾಜನ ಕಥೆಯನ್ನು ಕೇಳದೆ ಬೆಳೆದ ಶ್ರಾವಕ ಮನೆ ಕನ್ನಡನಾಡಿನಲ್ಲಿ ವಿರಳ. ಅಜ್ಜಿಯ ಬಾಯಲ್ಲಿ ಅದು ಕಥೆ, ದಶಲಕ್ಷಣ ಪರ್ವದ ಪ್ರವಚನದಲ್ಲಿ ದೃಷ್ಟಾಂತ, ಕಾಲೇಜಿನಲ್ಲಿ ಹಳಗನ್ನಡ ಪಠ್ಯ. ನಾನೂ ಈ ಮೂರು ಬಗೆಯಲ್ಲಿ ಅದನ್ನು ಕೇಳಿದವನೇ. ಆದರೆ ಕಳೆದ ಪರ್ವದಲ್ಲಿ ಪ್ರವಚನ ಮುಗಿಸಿಕೊಂಡು ಮನೆಗೆ ಬರುವಾಗ ಪಿ.ಯು.ಸಿ. ಓದುತ್ತಿರುವ ನನ್ನ ಮೊಮ್ಮಗಳು ಕೇಳಿದ ಪ್ರಶ್ನೆಗೆ ಮನೆ ತಲುಪುವವರೆಗೂ ನನ್ನಲ್ಲಿ ಉತ್ತರವಿರಲಿಲ್ಲ. "ಅಜ್ಜ, ಅವನು ಕಡಿದದ್ದು ಹಿಟ್ಟನ್ನು. ಯಾವ ಜೀವವೂ ಸಾಯಲಿಲ್ಲ. ಹಾಗಾದರೆ ಅಷ್ಟು ಜನ್ಮಗಳ ಶಿಕ್ಷೆ ಯಾವುದಕ್ಕೆ?"

ಈ ಪ್ರಶ್ನೆ ಮಕ್ಕಳದಷ್ಟೇ ಅಲ್ಲ. ಯಶೋಧರನ ಕಥೆಯನ್ನು ಓದಿದ ಆಧುನಿಕ ವಾಚಕರಲ್ಲಿ ಅನೇಕರಿಗೆ ಅಪರಾಧಕ್ಕೂ ಶಿಕ್ಷೆಗೂ ತೂಕ ಸರಿಹೊಂದಿಲ್ಲವೆಂದು ಅನಿಸುತ್ತದೆ. ಇದಕ್ಕೆ ಉತ್ತರಿಸಬೇಕಾದರೆ ಕಾವ್ಯವನ್ನೂ ನೋಡಬೇಕು, ಕಾವ್ಯವನ್ನು ತೂಗುವ ತಕ್ಕಡಿಯನ್ನೂ ನೋಡಬೇಕು. ನೀತಿಶಾಸ್ತ್ರದ ಬೇರೆ ಬೇರೆ ಪಂಥಗಳೆಂದರೆ ಬೇರೆ ಬೇರೆ ತಕ್ಕಡಿಗಳೇ. ನಾನು ವಾಣಿಜ್ಯ ಪದವೀಧರ, ತತ್ತ್ವಶಾಸ್ತ್ರದ ಅಧ್ಯಾಪಕನಲ್ಲ. ಆದರೂ ತಕ್ಕಡಿಯ ವಿಷಯದಲ್ಲಿ ವ್ಯಾಪಾರಿಗೆ ಎರಡು ಮಾತು ಆಡುವ ಅಧಿಕಾರವುಂಟೆಂದು ಭಾವಿಸಿ ಈ ವಿವೇಚನೆಗೆ ತೊಡಗಿದ್ದೇನೆ.

ಕಾವ್ಯದ ಸಂಗತಿ

ಯಶೋಧರನ ಕಥೆ ಬಹು ಹಳೆಯದು. ಸೋಮದೇವಸೂರಿಯು ಕ್ರಿ.ಶ. 959ರಲ್ಲಿ ಸಂಸ್ಕೃತದಲ್ಲಿ 'ಯಶಸ್ತಿಲಕ ಚಂಪೂ'ವನ್ನು ರಚಿಸಿದನು. ವಾದಿರಾಜನೂ ಸಂಸ್ಕೃತದಲ್ಲಿ ಇದೇ ಕಥೆಯನ್ನು ಹೇಳಿದನು. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಕವಿಚಕ್ರವರ್ತಿ ಜನ್ನನು 1209ರಲ್ಲಿ ಇದನ್ನು ಕಂದಪದ್ಯಗಳ ನಾಲ್ಕು ಅವತಾರಗಳಲ್ಲಿ ಕನ್ನಡಕ್ಕೆ ತಂದನು.

ಮಾರಿದತ್ತನೆಂಬ ಅರಸನು ಚಂಡಮಾರಿಯ ಗುಡಿಯಲ್ಲಿ ಬಲಿಗೆ ಸಿದ್ಧನಾಗಿದ್ದಾನೆ. ಬಲಿಗೆಂದು ಹಿಡಿದು ತಂದ ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರು ಹೆದರುವುದಿಲ್ಲ. ಅಭಯರುಚಿಯು ತನ್ನ ಹಿಂದಿನ ಜನ್ಮಗಳ ಕಥೆಯನ್ನು ಹೇಳುತ್ತಾನೆ. ಅವನೇ ಹಿಂದೆ ಉಜ್ಜಯಿನಿಯ ಅರಸ ಯಶೋಧರ, ತಂಗಿಯೇ ಆಗ ತಾಯಿ ಚಂದ್ರಮತಿ. ರಾಣಿ ಅಮೃತಮತಿಯು ಮಾವುತನ ಹಾಡಿಗೆ ಮನಸೋತು ಅವನ ಬಳಿ ಹೋದುದನ್ನು ಯಶೋಧರನು ಕಣ್ಣಾರೆ ಕಾಣುತ್ತಾನೆ. ಎತ್ತಿದ ಕತ್ತಿಯನ್ನು ತಡೆದುಕೊಳ್ಳುತ್ತಾನೆ. ಆದರೆ ತಾಯಿಯ ಮುಂದೆ ಕಂಡದ್ದನ್ನು ಕೆಟ್ಟ ಕನಸೆಂದು ಮರೆಮಾಡಿ ಹೇಳುತ್ತಾನೆ. ಕನಸಿನ ದೋಷಕ್ಕೆ ದೇವಿಗೆ ಪ್ರಾಣಿಬಲಿ ಕೊಡೆಂದು ತಾಯಿ ಹಟ ಹಿಡಿಯುತ್ತಾಳೆ. ಜೀವದಯೆಯನ್ನು ಬಲ್ಲ ಮಗ ಒಪ್ಪುವುದಿಲ್ಲ. ಕೊನೆಗೆ ರಾಜಿಯಾಗುತ್ತದೆ: ಜೀವದ ಕೋಳಿ ಬೇಡ, ಹಿಟ್ಟಿನ ಕೋಳಿಯಾಗಲಿ. ಬಣ್ಣ ಬಳಿದ ಆ ಕೋಳಿಯನ್ನು ಅವನು ಕಡಿಯುತ್ತಾನೆ. ಅದು ಕೂಗುತ್ತದೆ. ಮುಂದೆ ಅಮೃತಮತಿ ತಾಯಿ ಮಗ ಇಬ್ಬರಿಗೂ ವಿಷವಿಕ್ಕುತ್ತಾಳೆ. ಇಬ್ಬರೂ ನವಿಲು ಮತ್ತು ನಾಯಿಯಾಗಿ ಹುಟ್ಟುವುದರಿಂದ ಆರಂಭಿಸಿ ಜನ್ಮದಿಂದ ಜನ್ಮಕ್ಕೆ ತೊಳಲುತ್ತಾರೆ. ಒಮ್ಮೆಯಂತೂ ಯಶೋಧರನ ಜೀವವು ಮೀನಾಗಿ ತನ್ನದೇ ಶ್ರಾದ್ಧದ ಅಡುಗೆಯಾಗುತ್ತದೆ.

ಮೂರು ತಕ್ಕಡಿಗಳು

ಪಾಶ್ಚಾತ್ಯ ನೀತಿಶಾಸ್ತ್ರದಲ್ಲಿ ಪ್ರಸಿದ್ಧವಾದ ಮೂರು ಪಂಥಗಳನ್ನು ಈ ಹಿಟ್ಟಿನ ಕೋಳಿಯ ಮುಂದೆ ನಿಲ್ಲಿಸೋಣ.

ಮೊದಲನೆಯದು ಫಲವಾದ. ಕೃತ್ಯದ ಒಳಿತು ಕೆಡುಕುಗಳು ಅದರಿಂದ ಲೋಕಕ್ಕಾಗುವ ಸುಖದುಃಖಗಳಿಂದ ತೀರ್ಮಾನವಾಗುತ್ತವೆ ಎಂಬುದು ಇದರ ಸಾರ. ಜೆರೆಮಿ ಬೆಂಥಾಮ್ 1789ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಶಾಸ್ತ್ರವಾಗಿ ಕಟ್ಟಿದನು. ಪ್ರಾಣಿಗೆ ನೋವಾಗುವುದೆಂಬ ಒಂದೇ ಕಾರಣ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಸಾಕೆಂದು ಅಂದೇ ಸಾರಿದ ಅವನನ್ನು ನಾವು ಗೌರವದಿಂದ ನೆನೆಯಬೇಕು. ಆದರೆ ಅವನ ತಕ್ಕಡಿಯಲ್ಲಿ ಹಿಟ್ಟಿನ ಕೋಳಿಯ ತೂಕ ಸೊನ್ನೆ. ನೋವುಂಡ ಜೀವವಿಲ್ಲ, ತಾಯಿಗೆ ಸಮಾಧಾನ, ಒಂದು ಕೋಳಿಗೆ ಪ್ರಾಣದಾನ: ಲೆಕ್ಕ ಲಾಭದಲ್ಲಿಯೇ ಮುಗಿಯುತ್ತದೆ. ಅವನ ಬಳಿಕ ಬಂದ ಜಾನ್ ಸ್ಟುವರ್ಟ್ ಮಿಲ್ ಕೃತ್ಯದ ಯೋಗ್ಯತೆ ಬೇರೆ, ಕರ್ತೃವಿನ ಯೋಗ್ಯತೆ ಬೇರೆ ಎಂದು ವಿಂಗಡಿಸಿದನು. ಹಾಗೆ ವಿಂಗಡಿಸಿದರೂ ಕೃತ್ಯ ನಿರ್ದೋಷವಾಗಿಯೇ ಉಳಿಯುತ್ತದೆ.

ಇಲ್ಲಿ ಒಂದು ಮಾತಿನ ತೊಡಕನ್ನು ಬಿಡಿಸಬೇಕು. ಈ ಪಂಥವನ್ನು ಕನ್ನಡದಲ್ಲಿ 'ಪರಿಣಾಮವಾದ' ಎಂದೂ ಕರೆಯುತ್ತಾರೆ. ಇಂದಿನ ಕನ್ನಡದಲ್ಲಿ ಪರಿಣಾಮವೆಂದರೆ ಹೊರಗೆ ಕಾಣುವ ಫಲ. ನಮ್ಮ ಆಗಮಗಳ ಭಾಷೆಯಲ್ಲಿ ಪರಿಣಾಮವೆಂದರೆ ಜೀವದ ಒಳಗಿನ ಭಾವ. ಪದ ಒಂದೇ, ಅರ್ಥ ತದ್ವಿರುದ್ಧ. ಪರಿಣಾಮವನ್ನು ನೋಡಬೇಕೆಂದು ಜೈನನು ಹೇಳಿದಾಗ ಅವನು ಬೆಂಥಾಮನ ಪಕ್ಕದಲ್ಲಿ ನಿಂತಿಲ್ಲ, ಎದುರಿಗೆ ನಿಂತಿದ್ದಾನೆ. ಆದುದರಿಂದಲೇ ನಾನು ಫಲವಾದವೆಂಬ ಪದವನ್ನು ಆರಿಸಿಕೊಂಡಿದ್ದೇನೆ.

ಎರಡನೆಯದು ಕರ್ತವ್ಯವಾದ. ಇಮ್ಯಾನ್ಯುಯೆಲ್ ಕಾಂಟ್ 1785ರ ತನ್ನ ಗ್ರಂಥದಲ್ಲಿ ನೈತಿಕ ಮೌಲ್ಯವು ಫಲದಲ್ಲಿಲ್ಲ, ಸಂಕಲ್ಪದಲ್ಲಿದೆ ಎಂದನು. ಎಲ್ಲರಿಗೂ ಅನ್ವಯಿಸುವ ನಿಯಮವಾಗಲು ಯೋಗ್ಯವಾದ ತತ್ತ್ವದಂತೆ ಮಾತ್ರ ನಡೆಯಬೇಕು ಎಂಬುದು ಅವನ ವಿಧಿ. ಈ ತಕ್ಕಡಿ ಯಶೋಧರನ ಇನ್ನೊಂದು ತಪ್ಪನ್ನು ಥಟ್ಟನೆ ಹಿಡಿಯುತ್ತದೆ. ಬಲಿಯ ಪ್ರಸ್ತಾಪ ಹುಟ್ಟಿದ್ದೇ ಕನಸೆಂಬ ಸುಳ್ಳಿನಿಂದ. ಕಾಂಟನ ದೃಷ್ಟಿಯಲ್ಲಿ ಸುಳ್ಳಿಗೆ ಯಾವ ಸಂದರ್ಭದಲ್ಲಿಯೂ ರಿಯಾಯಿತಿಯಿಲ್ಲ. ನಮ್ಮ ಸಮಂತಭದ್ರಾಚಾರ್ಯರಾದರೋ ಗೃಹಸ್ಥನಿಗೆ ಸ್ಥೂಲವಾದ ಸುಳ್ಳನ್ನು ನಿಷೇಧಿಸುವುದರೊಡನೆ ಪರರಿಗೆ ವಿಪತ್ತು ತರುವ ಸತ್ಯವನ್ನೂ ಆಡದಿರೆಂದು ರತ್ನಕರಂಡಕದಲ್ಲಿ ವಿಧಿಸಿದ್ದಾರೆ. ಯಶೋಧರನಿಗೆ ಮೌನದ ದಾರಿ ತೆರೆದಿತ್ತು, ಅವನು ಕನಸನ್ನು ಕಟ್ಟಿದನು. ಆದರೆ ಕೋಳಿಯ ವಿಷಯಕ್ಕೆ ಬಂದರೆ ಕಾಂಟನ ತಕ್ಕಡಿಯೂ ತಡವರಿಸುತ್ತದೆ. ಪ್ರಾಣಿಗಳ ಕುರಿತು ನಮಗೆ ನೇರವಾದ ಕರ್ತವ್ಯವಿಲ್ಲ, ಪ್ರಾಣಿಹಿಂಸಕನು ಮನುಷ್ಯರಲ್ಲಿಯೂ ಕ್ರೂರನಾಗುವನೆಂಬ ಕಾರಣಕ್ಕೆ ಮಾತ್ರ ಅದು ತಪ್ಪು ಎಂದು ಅವನ ನಿಲುವು. ಜೀವದ ಕೋಳಿಗೇ ಸ್ವಂತ ತೂಕವಿಲ್ಲದ ತಕ್ಕಡಿಯಲ್ಲಿ ಹಿಟ್ಟಿನ ಕೋಳಿಯನ್ನು ತೂಗುವುದು ಹೇಗೆ?

ಮೂರನೆಯದು ಶೀಲವಾದ, ಗ್ರೀಸ್ ದೇಶದ ಅರಿಸ್ಟಾಟಲನದು. ಯಾವ ಕೃತ್ಯ ಸರಿಯೆಂಬುದಕ್ಕಿಂತ ಎಂಥ ಮನುಷ್ಯನಾಗಬೇಕೆಂಬುದು ಇಲ್ಲಿ ಮುಖ್ಯ. ಕೃತ್ಯಗಳಿಂದ ಅಭ್ಯಾಸ, ಅಭ್ಯಾಸದಿಂದ ಶೀಲ. ಒಳ್ಳೆಯದನ್ನು ಬಲ್ಲವನೂ ಮನಸ್ಸಿನ ದೌರ್ಬಲ್ಯದಿಂದ ಅದಕ್ಕೆ ವಿರುದ್ಧವಾಗಿ ನಡೆಯುವ ಸ್ಥಿತಿಯನ್ನು ಅವನು ವಿಸ್ತಾರವಾಗಿ ಚರ್ಚಿಸಿದ್ದಾನೆ. ಯಶೋಧರನು ಅದರ ಪ್ರತಿಮೆಯೇ ಸರಿ. ಬಲ್ಲವನು, ಒಲ್ಲೆನೆಂದವನು, ಆದರೂ ತಾಯಿಯ ಕಣ್ಣೀರಿಗೆ ಕತ್ತಿ ಹಿಡಿದವನು. ಮೂರರಲ್ಲಿ ಈ ತಕ್ಕಡಿಯೇ ಕಥೆಗೆ ಹತ್ತಿರ. ಆದರೆ ಒಂದು ಏಟು ಒಂದು ಅಭ್ಯಾಸವಲ್ಲ. ಒಂದೇ ಏಟಿನ ಭಾರವೆಷ್ಟೆಂದು ಹೇಳಲು ಇದಕ್ಕೂ ಆಗದು.

ನಮ್ಮ ತಕ್ಕಡಿ

ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣವೆಂದಷ್ಟೇ ಹೇಳಿ ನಿಲ್ಲುವುದಿಲ್ಲ, ಅದಕ್ಕೆ ಪ್ರಮಾದವನ್ನು, ಅಂದರೆ ಕಷಾಯದಿಂದ ಕೂಡಿದ ಅಜಾಗರೂಕತೆಯನ್ನು ಕಾರಣವಾಗಿ ಸೇರಿಸುತ್ತದೆ. ಎಚ್ಚರವಿಲ್ಲದೆ ನಡೆಯುವವನಿಗೆ ಜೀವ ಸತ್ತರೂ ಬದುಕಿದರೂ ಹಿಂಸೆ ನಿಶ್ಚಿತವೆಂದು ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಹೇಳುತ್ತಾರೆ. ಇದನ್ನು ಬಾಳಿನ ಉದಾಹರಣೆಯಿಂದ ತಿಳಿಸಿದವನು ಯಶಸ್ತಿಲಕದ ಸೋಮದೇವನೇ. ಬೆಸ್ತನು ಬಲೆ ಬೀಸಿ ಒಂದು ಮೀನನ್ನೂ ಹಿಡಿಯದಿರಬಹುದು. ರೈತನ ನೇಗಿಲಿಗೆ ಅನೇಕ ಜೀವಗಳು ಸಿಕ್ಕಿ ಸಾಯಬಹುದು. ಕೊಲ್ಲದ ಬೆಸ್ತನು ಪಾಪಿ, ಕೊಂದ ರೈತನು ಹಾಗಲ್ಲ. ಒಬ್ಬನ ಮನಸ್ಸು ಕೊಲ್ಲುವುದರಲ್ಲಿದೆ, ಇನ್ನೊಬ್ಬನದು ಬೆಳೆಯುವುದರಲ್ಲಿದೆ. ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿ ಸಂಕಲ್ಪಿ ಹಿಂಸೆಯನ್ನು ಶ್ರಾವಕನು ಸಂಪೂರ್ಣ ತ್ಯಜಿಸಬೇಕೆಂದದ್ದು ಇದಕ್ಕಾಗಿಯೇ.

ಸೋಮದೇವನ ಬೆಸ್ತನನ್ನು ನಾನು ಗ್ರಂಥದಲ್ಲಿ ಓದುವ ಮೊದಲೇ ನನ್ನ ಗಲ್ಲಾಪೆಟ್ಟಿಗೆಯ ಹಿಂದೆ ಕಂಡಿದ್ದೆ. ಬಿ.ಕಾಂ. ಮುಗಿಸಿ ತಂದೆಯವರ ಕಿರಾಣಿ ಅಂಗಡಿಯಲ್ಲಿ ಕುಳಿತ ಹೊಸತು. ದೀಪಾವಳಿಗೆ ಮುಂಚೆ ತೊಗರಿಬೇಳೆಯ ಬೆಲೆ ಏರುತ್ತಿತ್ತು. ತಂದೆಯವರು ಊರಲ್ಲಿಲ್ಲದಾಗ ನಾನು ಹದಿನೆಂಟು ಮೂಟೆಗಳನ್ನು ಹಿಂದಿನ ಕೋಣೆಗೆ ಸಾಗಿಸಿ ಬಂದ ಗಿರಾಕಿಗಳಿಗೆಲ್ಲ ಬೇಳೆ ಇಲ್ಲವೆಂದೆ. ನಾಲ್ಕೇ ದಿನಗಳಲ್ಲಿ ಗುಲ್ಬರ್ಗದ ಕಡೆಯಿಂದ ಲಾರಿಗಳು ಬಂದು ಬೆಲೆ ಇಳಿಯಿತು. ನನ್ನಲ್ಲಿ ಬೇಳೆ ಸಿಗದವರು ಪಕ್ಕದಂಗಡಿಯಲ್ಲಿ ಅಗ್ಗಕ್ಕೇ ಕೊಂಡರು. ಯಾರಿಗೂ ಹಾನಿಯಾಗಲಿಲ್ಲ, ನಷ್ಟವಾದದ್ದು ನನಗೊಬ್ಬನಿಗೆ. ತಂದೆಯವರು ಹಿಂದಿರುಗಿ ಖಾತೆ ನೋಡಿದರು, ಕೋಣೆಯನ್ನೂ ನೋಡಿದರು. ಬೈಯಲಿಲ್ಲ. "ನಷ್ಟವನ್ನು ಈ ಪುಸ್ತಕದಲ್ಲಿ ಬರೆದಿದ್ದೀಯೆ. ಇಲ್ಲವೆಂದು ಹೇಳಿದ್ದನ್ನು ಯಾವ ಪುಸ್ತಕದಲ್ಲಿ ಬರೆದೆ?" ಎಂದು ಮಾತ್ರ ಕೇಳಿದರು. ಬೆಂಥಾಮನ ಲೆಕ್ಕದಲ್ಲಿ ನಾನು ನಿರ್ದೋಷಿ. ತಂದೆಯವರ ಲೆಕ್ಕದಲ್ಲಿ ಬಲೆ ಬೀಸಿ ಬರಿಗೈಯಲ್ಲಿ ಮರಳಿದ ಬೆಸ್ತ.

ಮೊಮ್ಮಗಳ ಪ್ರಶ್ನೆಗೆ ಉತ್ತರದ ಮೊದಲರ್ಧ ಇಲ್ಲಿದೆ. ಕರ್ಮವು ನ್ಯಾಯಾಧೀಶನು ವಿಧಿಸುವ ದಂಡವಲ್ಲ. ಯಾರೋ ಕುಳಿತು ಒಂದು ಹಿಟ್ಟಿನ ಕೋಳಿಗೆ ಇಂತಿಷ್ಟು ಜನ್ಮವೆಂದು ತೀರ್ಪು ಬರೆದಿದ್ದರೆ ಅದು ಅನ್ಯಾಯವೇ ಆಗುತ್ತಿತ್ತು. ಕೊಲ್ಲುವ ಭಾವವು ಜೀವಕ್ಕೆ ಅಂಟಿದಾಗ ಅದೇ ಮುಂದಿನ ಬಾಳಿನ ಬೀಜ. ಬೀಜವೆಷ್ಟು ಚಿಕ್ಕದು, ಮರವೇಕೆ ಇಷ್ಟು ದೊಡ್ಡದು ಎಂದು ಯಾರೂ ಮರದ ಮೇಲೆ ದಾವೆ ಹೂಡುವುದಿಲ್ಲ.

ಜನ್ನನ ಕುಸುರಿ, ಜನ್ನನ ತೊಡಕು

ಜನ್ನನ ಕಾವ್ಯದಲ್ಲಿ ಒಂದು ತೊಡಕುಂಟು. ಅಂದವಾಗಿ ಚಿತ್ರಿಸಿದ ಕೋಳಿಯೊಳಗೆ ಬೆಂತರವೊಂದು ಹೊಕ್ಕಿತ್ತು, ಕಡಿದಾಗ ಕೂಗಿದ್ದು ಅದರಿಂದಲೇ ಎನ್ನುತ್ತಾನೆ ಕವಿ. ಒಳಗೆ ಏನೋ ಇದ್ದುದಾದರೆ ಅದು ಬರಿಯ ಸಂಕಲ್ಪಹಿಂಸೆ ಹೇಗಾಯಿತು? ಕೂಗಿನ ಬೆರಗಿಗಾಗಿ ಕವಿ ತನ್ನ ತತ್ತ್ವವನ್ನೇ ಕದಡಿದನೇ? ನಾನು ಬಹುಕಾಲ ಹಾಗೆಯೇ ತಿಳಿದಿದ್ದೆ. ಈಗ ಹಾಗನಿಸುವುದಿಲ್ಲ. ಬೆಂತರಗಳು ದೇವಗತಿಗೆ ಸೇರಿದವು. ದೇವಗತಿಯವರ ಆಯುಷ್ಯವು ಆಯುಧದಿಂದ ನಡುವೆ ಕಡಿಯುವಂಥದಲ್ಲವೆಂದು ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯ ತಿಳಿಸುತ್ತದೆ. ಆದುದರಿಂದ ಕತ್ತಿಗೆ ಸಿಕ್ಕಿ ಸತ್ತವರು ಯಾರೂ ಇಲ್ಲ. ಕೂಗು ಮಾತ್ರ ಉಂಟು, ಸಾವು ಇಲ್ಲ. ಯಶೋಧರನು ತನ್ನ ಮನಸ್ಸಿನಲ್ಲಿ ಮಾಡಿದ ಕೊಲೆಯನ್ನು ತನ್ನ ಕಿವಿಯಿಂದ ಕೇಳುವಂತೆ ಮಾಡುವುದಕ್ಕೆ ಕವಿ ಕಂಡುಕೊಂಡ ಉಪಾಯವಿದು. ಅವನಿಗೆ ಅರಿವಾಗುವುದು ಹಿಟ್ಟು ಮುರಿದಾಗಲ್ಲ, ಕೂಗು ಕೇಳಿದಾಗ.

ನಮ್ಮ ಕಾಲದಲ್ಲಿ ಗಿರೀಶ ಕಾರ್ನಾಡರು ಈ ಕಥೆಯನ್ನು 'ಹಿಟ್ಟಿನ ಹುಂಜ'ವೆಂಬ ನಾಟಕವಾಗಿಸಿದರು. ಅದು 1980ರಲ್ಲಿ ಪ್ರಕಟವಾಯಿತು. ರಾಜ, ರಾಣಿ, ತಾಯಿ, ಮಾವುತ ಎಂಬ ನಾಲ್ಕೇ ಪಾತ್ರಗಳು. ಜನ್ಮಾಂತರಗಳ ಸರಪಳಿ ಅಲ್ಲಿಲ್ಲ. ಅಲ್ಲಿ ಅಹಿಂಸೆಯ ಪಕ್ಷವನ್ನು ಹಿಡಿದವಳು ಜೈನಳಾದ ರಾಣಿ. ನಮ್ಮಲ್ಲಿ ಕೆಲವರು ಈ ಬದಲಾವಣೆಯನ್ನು ಒಪ್ಪುವುದಿಲ್ಲ. ನನ್ನ ಅಭಿಪ್ರಾಯ ಬೇರೆ. ಜನ್ಮಾಂತರವನ್ನು ನಂಬದ ಪ್ರೇಕ್ಷಕನೂ ಹಿಟ್ಟಿನ ಬಲಿಯಲ್ಲಿ ಹಿಂಸೆಯುಂಟೆಂದು ಒಪ್ಪುವಂತಾದರೆ ತತ್ತ್ವಕ್ಕೆ ಅದಕ್ಕಿಂತ ದೊಡ್ಡ ಸಾಕ್ಷ್ಯ ಬೇರೇನು ಬೇಕು? ಆದರೆ ನಾಟಕವು ಕಳೆದುಕೊಂಡದ್ದೂ ಉಂಟು. ಜನ್ನನಲ್ಲಿ ಕಥೆಯನ್ನು ಹೇಳುವವನು ಸ್ವತಃ ಬಲಿಗಂಬದ ಮುಂದೆ ನಿಂತಿದ್ದಾನೆ. ಒಮ್ಮೆ ಬಲಿ ಕೊಟ್ಟವನು ಈಗ ಬಲಿಯ ಸ್ಥಾನದಲ್ಲಿ ನಿಂತು ಹೇಳುವ ಮಾತಿಗೆ ಮಾರಿದತ್ತನು ಕತ್ತಿಯನ್ನು ಕೆಳಗಿಡುತ್ತಾನೆ. ಆ ಅಧಿಕಾರವಾಣಿ ನಾಟಕದಲ್ಲಿಲ್ಲ.

ಒಂದು ಆಕ್ಷೇಪ

ಇಷ್ಟು ಹೇಳಿದ ಮೇಲೂ ನ್ಯಾಯವಾದ ಆಕ್ಷೇಪವೊಂದು ಉಳಿಯುತ್ತದೆ. ಬಲಿಗೆ ಬದಲಾಗಿ ಹಿಟ್ಟನ್ನೋ ಕಾಯಿಯನ್ನೋ ಅರ್ಪಿಸುವುದು ಸುಧಾರಣೆಯಲ್ಲವೇ? ಪ್ರಾಣಿಬಲಿಯನ್ನು ತಡೆಯುವ ಕಾನೂನು ಕರ್ನಾಟಕದಲ್ಲಿ 1959ರಷ್ಟು ಹಿಂದೆಯೇ ಬಂದಿದೆ. ಕುರಿಯ ಬದಲು ಬೂದುಗುಂಬಳಕಾಯಿಯನ್ನು ಒಡೆಯುವವರನ್ನು ನಾವು ನಿಂದಿಸಬೇಕೇ?

ಖಂಡಿತ ಬೇಡ. ಇಲ್ಲಿ ನೋಡಬೇಕಾದದ್ದು ಮೆಟ್ಟಿಲನ್ನಲ್ಲ, ಮೆಟ್ಟಿಲ ಮೇಲಿನ ಪಾದ ಯಾವ ಕಡೆಗೆ ಹೊರಟಿದೆಯೆಂಬುದನ್ನು. ತಲೆಮಾರುಗಳಿಂದ ಕುರಿ ಕಡಿದವನು ಕಾಯಿಗೆ ಬಂದರೆ ಅವನು ಒಂದು ಮೆಟ್ಟಿಲು ಹತ್ತಿದ್ದಾನೆ. ಅವನಿಗೆ ಕೈ ಮುಗಿಯೋಣ. ಜೀವದಯೆಯನ್ನು ಅರಿತ ಯಶೋಧರನು ಅದೇ ಮೆಟ್ಟಿಲಿಗೆ ಬಂದದ್ದು ಮೇಲಿನಿಂದ ಇಳಿದು. ಹಿಟ್ಟಿನ ಕೋಳಿ ಒಂದೇ, ಒಬ್ಬನಿಗೆ ಅದು ಏಳಿಗೆ, ಇನ್ನೊಬ್ಬನಿಗೆ ಪತನ. ಶೀಲವಾದವು ಕಂಡದ್ದೂ ಗುಣಸ್ಥಾನಗಳ ವಿಚಾರ ಹೇಳುವುದೂ ಈ ಸ್ಥಳದಲ್ಲಿ ಪರಸ್ಪರ ಹತ್ತಿರ ಬರುತ್ತವೆ.

ಹಾಗೆಂದು ಭಾವವೊಂದಿದ್ದರೆ ಸಾಕೆಂದು ಹೊರಗಿನ ಕೃತ್ಯವನ್ನು ಹಗುರವಾಗಿ ಕಾಣುವಂತೆಯೂ ಇಲ್ಲ. ಹೊರಗಿನ ವಸ್ತುವಿನಿಂದ ಮಾತ್ರ ಹಿಂಸೆ ಹುಟ್ಟದಿದ್ದರೂ ಭಾವಶುದ್ಧಿಗಾಗಿಯೇ ಹಿಂಸೆಯ ನೆಲೆಗಳಿಂದ ಹಿಂದೆ ಸರಿಯಬೇಕೆಂದೂ, ನಿಶ್ಚಯದ ಮಾತನ್ನು ಅರಿಯದೆ ಹಿಡಿದುಕೊಂಡು ಹೊರಗಿನ ಆಚರಣೆಯನ್ನು ಬಿಡುವವನು ಮೂಢನೆಂದೂ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಎಚ್ಚರಿಸಿದ್ದಾರೆ. ತನ್ನ ಕಾರ್ಖಾನೆಯ ಕೊಳೆನೀರನ್ನು ಹಳ್ಳಕ್ಕೆ ಬಿಟ್ಟು ನನ್ನ ಸಂಕಲ್ಪ ಕೊಲ್ಲುವುದಲ್ಲವೆನ್ನುವ ಉದ್ಯಮಿಗೆ ಸೋಮದೇವನ ರೈತನ ಆಸರೆ ಸಿಗದು. ಅರಿತೂ ಅಲಕ್ಷ್ಯ ಮಾಡುವುದೇ ಪ್ರಮಾದ. ಅಲ್ಲಿ ಬೆಂಥಾಮನ ತಕ್ಕಡಿಯನ್ನು ನಾವು ಎರವಲು ತಂದಾದರೂ ಸತ್ತ ಮೀನುಗಳನ್ನು ಎಣಿಸಬೇಕು.

ರಾಜಿಯು ಅನೇಕಾಂತವಲ್ಲ

ಈ ಲೇಖನವನ್ನು ಬರೆಯಲು ನಿಜವಾದ ಕಾರಣವನ್ನು ಈಗ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾನು ಸದಸ್ಯನಾಗಿದ್ದ ಬಸದಿಯೊಂದರ ಜೀರ್ಣೋದ್ಧಾರ ಸಮಿತಿಗೆ ದೊಡ್ಡ ಮೊತ್ತದ ದಾನ ಬಂದಿತು. ಆ ಹಣ ಮದ್ಯದಂಗಡಿಗಳ ಗುತ್ತಿಗೆಯಿಂದ ಬಂದದ್ದೆಂದು ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕೂಡದೆಂದರು ಕೆಲವರು, ಬಸದಿಯ ಮಾಡು ಸೋರುತ್ತಿದೆಯೆಂದರು ಕೆಲವರು. ಹಿರಿಯರೊಬ್ಬರು ಎರಡೂ ಪಕ್ಷದಲ್ಲಿ ಸತ್ಯವುಂಟು, ಇದೇ ಅನೇಕಾಂತವೆಂದರು. ದಾನವನ್ನು ಆ ದಾನಿಯ ಹೆಸರಿನಲ್ಲಿ ಬೇಡ, ಅವರ ಮನೆಯವರ ಹೆಸರಿನಲ್ಲಿ ಸ್ವೀಕರಿಸೋಣವೆಂದು ತೀರ್ಮಾನವಾಯಿತು. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ.

ಅಂದು ನಾವು ಮಾಡಿದ್ದು ಹಿಟ್ಟಿನ ಕೋಳಿಯನ್ನು. ಬಲಿ ಬೇಕೆಂಬ ಆಸೆಯೂ ಬಿಡಲಿಲ್ಲ, ಬಲಿ ಬೇಡವೆಂಬ ಹೆಸರೂ ಬಿಡಲಿಲ್ಲ. ಬಣ್ಣ ಬಳಿದು ರೂಪ ಬದಲಿಸಿದೆವು. ಅನೇಕಾಂತವು ವಸ್ತುವನ್ನು ಅರಿಯುವ ಕ್ರಮ. ಒಂದು ದೃಷ್ಟಿಗೆ ಕಾಣದ ಮುಖವನ್ನು ಇನ್ನೊಂದು ದೃಷ್ಟಿಯಿಂದ ಕಾಣಲು ಅದು ನಮ್ಮನ್ನು ಪ್ರೇರಿಸುತ್ತದೆ. ಮೇಲೆ ಮೂರು ಪಂಥಗಳನ್ನು ನೋಡಿದ್ದೂ ಆ ಕ್ರಮದಲ್ಲಿಯೇ. ನೋವನ್ನು ಎಣಿಸುವುದನ್ನು ಫಲವಾದದಿಂದ, ಸುಳ್ಳನ್ನು ಹಿಡಿಯುವುದನ್ನು ಕರ್ತವ್ಯವಾದದಿಂದ, ದೌರ್ಬಲ್ಯವನ್ನು ಗುರುತಿಸುವುದನ್ನು ಶೀಲವಾದದಿಂದ ನಾವು ಸಂಕೋಚವಿಲ್ಲದೆ ಕಲಿಯಬಹುದು. ಆದರೆ ಅರಿತ ಮೇಲೆ ನಡೆಯುವಾಗ ವ್ರತವನ್ನು ಅರ್ಧ ಮುರಿದು ಅರ್ಧ ಉಳಿಸಿಕೊಳ್ಳುವುದಕ್ಕೆ ಅನೇಕಾಂತವೆಂದು ಹೆಸರಿಡುವುದು ಆ ತತ್ತ್ವಕ್ಕೆ ಮಾಡುವ ಅಪಚಾರ. ಯಶೋಧರನು ತಾಯಿಯ ಇಚ್ಛೆಗೂ ತನ್ನ ಧರ್ಮಕ್ಕೂ ನಡುವೆ ಮಧ್ಯದ ದಾರಿಯನ್ನು ಹುಡುಕಿದನು. ಆ ಮಧ್ಯದ ದಾರಿಯೇ ಅವನನ್ನು ನವಿಲಿನ ಜನ್ಮಕ್ಕೆ ಮುಟ್ಟಿಸಿತು.

ಟ್ರಸ್ಟುಗಳ ಬಂಧುಗಳಲ್ಲಿ ನನ್ನ ನಿವೇದನೆ ಇಷ್ಟೆ. ಮುಂದೊಮ್ಮೆ ಇಂಥ ಪ್ರಶ್ನೆ ಸಭೆಗೆ ಬಂದಾಗ ಬೇಕೆನ್ನುವುದಾದರೆ ಬೇಕೆಂದು, ಬೇಡವೆನ್ನುವುದಾದರೆ ಬೇಡವೆಂದು ಕಾರಣಸಹಿತ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ತಪ್ಪಾಗಿದ್ದರೆ ಮುಂದಿನವರು ಅದನ್ನು ಓದಿ ತಿದ್ದಿಕೊಳ್ಳುತ್ತಾರೆ. ಬಣ್ಣ ಬಳಿದದ್ದನ್ನು ಯಾರೂ ತಿದ್ದಲಾರರು, ಏಕೆಂದರೆ ಅದು ತಪ್ಪೆಂದು ಯಾವ ಪುಸ್ತಕದಲ್ಲಿಯೂ ಕಾಣುವುದಿಲ್ಲ.

ಮೊಮ್ಮಗಳಿಗೆ ನಾನು ಮರುದಿನ ಇದನ್ನೆಲ್ಲ ಹೇಳಿದೆ, ಬೇಳೆಯ ಮೂಟೆಗಳನ್ನೂ ಸಮಿತಿಯ ಸಭೆಯನ್ನೂ ಮುಚ್ಚಿಡಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅಂದು ನೀವು ಕೈ ಎತ್ತಿದಾಗ ಕೂಗು ಕೇಳಿಸಿತೇ ಅಜ್ಜ?" ಎಂದಳು. ಅಂದು ಕೇಳಿಸಿರಲಿಲ್ಲ. ಬಸದಿಯ ಹೊಸ ಮಾಡಿನ ಕೆಳಗೆ ಕುಳಿತಾಗ ಈಚೆಗೆ ಕೇಳಿಸುತ್ತದೆ.